‘ಎ’ ಅಕ್ಷರದ ಐದು ಜೀವಗಳು



ಕಳೆದ ತಿಂಗಳು ಗದಗ-ಬೆಟಗೇರಿಯಲ್ಲಿರುವ ಮಗನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ಮೂರನೆಯ ಇಯತ್ತೆಯಲ್ಲಿ ಓದುವ ಮೊಮ್ಮಗ ಒಂದು ಸಂಜೆ ಪಾಟೀಚೀಲವನ್ನು ನಮ್ಮ ಮುಂದೆ ಸುರುವಿ, ‘ಎ’ ಅಕ್ಷರದಿಂದ ಆರಂಭವಾಗುವ ಐದು ಪ್ರಾಣಿಗಳ ಹೆಸರು ಬರೆದು ತರಲು ಶಾಲೆಯಲ್ಲಿ ಹೇಳಿದ್ದಾರೆಂದನು. ಎತ್ತು, ಎಮ್ಮೆ ಎಂದು ಎರಡನ್ನು ತಾನೇ ಬರೆದಿದ್ದನು. ಮುಂದೆ ಪೆನ್ಸಿಲು ನಿಂತಿತ್ತು. ‘ಆನೆ ಬರೀಲೇನಜ್ಜಾ?’ ಎಂದು ಆಸೆಯಿಂದ ಕೇಳಿದನು. ಆನೆಗೆ ಅದರದೇ ಅಕ್ಷರವಿದೆಯೆಂದು ತಿಳಿಸಿ, ನಾವಿಬ್ಬರೂ ಕೂಡಿ ಯೋಚಿಸಿ ಎರಳೆ, ಎರೆಹುಳು, ಎರೆಭೂತ ಎಂದು ಇನ್ನು ಮೂರನ್ನು ಸೇರಿಸಿದೆವು. ಪಟ್ಟಿ ಪೂರ್ಣವಾಯಿತು.

ಹುಡುಗನು ಪುಸ್ತಕ ಮುಚ್ಚಲಿಲ್ಲ. ಐದೂ ಹೆಸರುಗಳ ಮೇಲೆ ಬೆರಳಾಡಿಸುತ್ತ, ‘ಅಜ್ಜಾ, ಇದರಾಗ ನಿಮ್ಮ ಊರ ಮನ್ಯಾಗ ಯಾವ್ಯಾವು ಅದಾವು?’ ಎಂದನು. ‘ಈಗ ಯಾವೂ ಇಲ್ಲಪ್ಪಾ’ ಎಂದೆವು. ‘ಎತ್ತು ಇದ್ದೂವಂತಲ್ಲಾ, ಅಪ್ಪ ಹೇಳ್ತಾನ. ಅವು ಎಲ್ಲಿಗೆ ಹೋದೂವು?’ ಎಂದು ಮತ್ತೆ ಕೇಳಿದನು. ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರ ನಿಜವಾಗಿರಲಿಲ್ಲ. ಅದನ್ನು ಕಡೆಯಲ್ಲಿ ಹೇಳುತ್ತೇವೆ. ಊರಿಗೆ ಮರಳಿದ ಮೇಲೂ ಆ ಪಟ್ಟಿ ನಮ್ಮ ಮನಸ್ಸನ್ನು ಬಿಡಲಿಲ್ಲವಾದ್ದರಿಂದ, ಈ ಸಲದ ಅಂಕಣವನ್ನು ಆ ಐದು ಹೆಸರುಗಳಿಗೇ ಮೀಸಲಾಗಿಟ್ಟಿದ್ದೇವೆ.

ಐದರಲ್ಲಿ ಎರಡು ಹೆಸರುಗಳು ‘ಎರೆ’ ಎಂಬ ಮಾತಿನಿಂದ ಮೊದಲಾಗುತ್ತವೆ. ಎರೆ ಎಂದರೆ ಕಪ್ಪು ಮಣ್ಣು. ನಮ್ಮ ಬಾಯಿಮಾತಿನ ‘ಎರಿ’. ಗದುಗಿನ ಸುತ್ತಲಿನ ಬಯಲೆಲ್ಲ ಬಹುಪಾಲು ಎರೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಗೆ ನಡೆದರೆ ಎರೆಯೂ ಮಸಾರಿಯೂ ಒಂದರ ಪಕ್ಕದಲ್ಲೊಂದು ಸಿಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದು, ಮೊದಲ ದೊಡ್ಡ ಮಳೆಗೆ ತಾನೇ ಕೂಡಿಕೊಂಡು, ಮುಂದೆ ನಾಲ್ಕು ತಿಂಗಳು ಹಸಿಯನ್ನು ಒಡಲಲ್ಲಿ ಹಿಡಿದಿಟ್ಟು ಬಿಳಿಜೋಳ, ಕಡಲೆ, ಕುಸುಬಿಗಳನ್ನು ಬೆಳೆಸುವ ಮಣ್ಣು ಅದು. ಪಟ್ಟಿಯಲ್ಲಿರುವ ಐದು ಜೀವಗಳೂ ಒಂದಿಲ್ಲೊಂದು ರೀತಿಯಲ್ಲಿ ಆ ಮಣ್ಣಿನ ಮಕ್ಕಳು. ಇದು ನಮಗೆ ಹೊಳೆದದ್ದು ಹುಡುಗನ ಪುಸ್ತಕವನ್ನು ನೋಡಿದ ಮೇಲೆಯೇ.

ಮೊದಲನೆಯದು ಎತ್ತು. ‘ಬಸವ’ ಎಂಬ ಹೆಸರೇ ವೃಷಭ ಶಬ್ದದ ತದ್ಭವ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯಕ್ಕೆ ಹೋದವರೆಲ್ಲ ನೋಡಿದ್ದೀರಿ: ಅಲ್ಲಿಯ ಮೂರ್ತಿಯಲ್ಲಿ ಶಿವಪಾರ್ವತಿಯರು ನಂದಿಯನ್ನೇರಿ ಕುಳಿತಿದ್ದಾರೆ. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ಬರಮಾಡಿಕೊಂಡ ಶರಣ ಆದಯ್ಯನ ಕಥೆಯನ್ನು ರಾಘವಾಂಕನು ಕಾವ್ಯವಾಗಿಸಿದನು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನೆಂಬ ಶರಣನಿದ್ದನು. ಅವನು ತನ್ನ ವಚನಗಳಿಗೆ ಇಟ್ಟುಕೊಂಡ ಅಂಕಿತ ‘ಗೋಪತಿನಾಥ ವಿಶ್ವೇಶ್ವರಲಿಂಗ’. ದನಗಳ ಹಿಂದೆ ನಡೆಯುವುದೂ ಪೂಜೆಯೇ ಎಂದು ತೋರಿಸಿಕೊಟ್ಟ ಪರಂಪರೆ ನಮ್ಮದು.

ಎರೆಹೊಲದ ಕೆಲಸಕ್ಕೆ ಕಸುವಿನ ಎತ್ತು ಬೇಕು. ಮಳೆ ಬಿದ್ದ ಎರೆ ಕಾಲಿಗೂ ಕುಂಟೆಗೂ ಹತ್ತಿಕೊಂಡು ಬಿಡದು. ಅದಕ್ಕಾಗಿಯೇ ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗಲಿ, ಮಿರಜ, ಜಮಖಂಡಿಗಳ ಸಂಸ್ಥಾನಿಕರು ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ತಳಿಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿ ‘ಕೃಷ್ಣಾ ಕಣಿವೆ’ ಎಂಬ ತಳಿಯನ್ನು ಬೆಳೆಸಿದರು. ಆ ಕಾಲಕ್ಕೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವೆಂಬುದನ್ನು ಹಿರಿಯರು ಬಲ್ಲರು. ಕಪ್ಪು ಮಣ್ಣಿಗೆಂದೇ ಹುಟ್ಟಿದ ಆ ತಳಿ ಈಗ ಅಳಿವಿನಂಚಿಗೆ ಬಂದು ನಿಂತಿದೆ. ಜಾತ್ರೆಯ ದನದ ಸಂತೆಯಲ್ಲಿ ಖಿಲಾರಿ ಜೋಡಿಗಳು ಇನ್ನೂ ಕಾಣುತ್ತವೆ. ಅವುಗಳ ಸುತ್ತ ನೋಡುವವರು ಹೆಚ್ಚು, ಕೊಳ್ಳುವವರು ಕಡಿಮೆ.

ಇದಕ್ಕೆ ಯಾರನ್ನು ದೂರುವುದು? ಜೋಡೆತ್ತು ದಿನವಿಡೀ ಹೊಡೆಯುವ ಹೊಲವನ್ನು ಟ್ರ್ಯಾಕ್ಟರು ಒಂದೆರಡು ತಾಸಿನಲ್ಲಿ ಮುಗಿಸುತ್ತದೆ. ಎತ್ತಾದರೋ ಕೆಲಸವಿರಲಿ ಬಿಡಲಿ, ವರ್ಷವಿಡೀ ಮೇಯಬೇಕು. ಜೋಳದ ಹೊಲಗಳು ಕಡಿಮೆಯಾದಂತೆ ಕಣಕಿಯೂ ಕಡಿಮೆಯಾಯಿತು. ಮಕ್ಕಳು ಪಟ್ಟಣ ಸೇರಿದರು. ಒಕ್ಕಲುತನದ ಲೆಕ್ಕ ಬಲ್ಲ ಯಾರೂ ಎತ್ತು ಮಾರಿದವನನ್ನು ತಪ್ಪಿತಸ್ಥನೆನ್ನರು. ಆದರೂ ಕಾರ ಹುಣ್ಣಿಮೆಯ ದಿನ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಝೂಲ ಹೊದಿಸಿ ಕರಿ ಹರಿಯಲು ಬಿಡುತ್ತಿದ್ದ ಜೋಡಿಗಳು ಓಣಿಗೊಂದೂ ಉಳಿಯದಿರುವಾಗ, ಹದಿನೈದು ದಿನ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆ ಮಾತ್ರ ಎಂದಿನ ಸಡಗರದಲ್ಲಿಯೇ ನಡೆಯುವುದನ್ನು ಕಂಡರೆ ಮನಸ್ಸಿಗೆ ಏನೋ ಕೊರತೆಯೆನಿಸುತ್ತದೆ. ಮಣ್ಣಿನ ಎತ್ತಿಗೆ ಗೋದಲಿ ಮಾಡಿ, ಕಡುಬಿನ ಎಡೆ ಹಿಡಿಯುತ್ತೇವೆ. ನಿಜವಾದ ಗೋದಲಿಯಲ್ಲಿ ಮೋಟಾರು ಸೈಕಲ್ಲು ನಿಂತಿರುತ್ತದೆ.

ಎರಡನೆಯದು ಎಮ್ಮೆ. ಹಳಗನ್ನಡದಲ್ಲಿ ಇದಕ್ಕೆ ‘ಎರ್ಮೆ’ ಎನ್ನುತ್ತಿದ್ದರು. ಎತ್ತು ಗಂಡಸರ ಒಡನಾಡಿಯಾದರೆ ಎಮ್ಮೆ ನಮ್ಮ ತಾಯಂದಿರ ಆಸ್ತಿ. ಪಡಸಾಲೆಯ ಕೆಳಗಿನ ದಂದಕ್ಕಿಯಲ್ಲಿ ಕಟ್ಟಿದ ಎಮ್ಮೆಗೆ ಮುಸುರೆಯಿಟ್ಟು, ಹಾಲು ಕರೆದು, ಬೆಳಗಿನ ಜಾವ ಮಜ್ಜಿಗೆ ಕಡೆದು, ಬೆಣ್ಣೆ ಮಾರಿದ ಹಣದಿಂದ ಹೆಣ್ಣುಮಕ್ಕಳ ಪಾಟಿ-ಪುಸ್ತಕ ಕೊಂಡವರು ನಮ್ಮ ಮನೆಯಲ್ಲಿಯೇ ಇದ್ದರು. ಮಂದಬುದ್ಧಿಯವರನ್ನು ಎಮ್ಮೆಯೆಂದು ಜರಿಯುತ್ತೇವೆ, ಆದರೆ ಬರಗಾಲದಲ್ಲಿ ಒಣ ಕಣಕಿ ತಿಂದೂ ಹಾಲು ಕೊಟ್ಟು ಮನೆಯನ್ನು ನಿಲ್ಲಿಸಿದ ಪ್ರಾಣಿ ಅದು. ಅರ್ಧಚಂದ್ರಾಕಾರದಲ್ಲಿ ಹಿಂದಕ್ಕೆ ಬಾಗಿದ ಕೋಡಿನ ಈ ನಮ್ಮ ಜವಾರಿ ಎಮ್ಮೆಗೆ ‘ಧಾರವಾಡಿ’ ಎಂಬ ಹೆಸರಿನಿಂದ ರಾಷ್ಟ್ರಮಟ್ಟದ ತಳಿಯೆಂಬ ಮಾನ್ಯತೆ ದೊರೆತದ್ದು ೨೦೨೧ರಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದಕ್ಕಾಗಿ ಅಧ್ಯಯನ ನಡೆಸಿದರು. ಧಾರವಾಡ ಪೇಡೆಯ ರುಚಿಯ ಹಿಂದಿರುವುದು ಇದರ ಹಾಲೇ. ಮುರ್ರಾ ಎಮ್ಮೆಯಷ್ಟು ಕರೆಯದೆಂದು ನಾವು ಮೂಲೆಗೊತ್ತಿದ್ದ ಪ್ರಾಣಿಯ ಬೆಲೆ ಪಂಡಿತರು ಹೇಳಿದ ಮೇಲೆ ನಮಗೆ ತಿಳಿಯಬೇಕಾಯಿತು!

ಮೂರನೆಯದು ಎರಳೆ. ಇದು ಹಳೆಯ ಕಾವ್ಯಗಳ ಮಾತು. ನಮ್ಮ ಸೀಮೆಯಲ್ಲಿ ಇದು ‘ಚಿಗರಿ’. ಹಾಗೆಂದು ಮೊಮ್ಮಗನಿಗೆ ಹೇಳಿದಾಗ ಅವನು ಕಣ್ಣರಳಿಸಿ, ‘ಚಿಗರಿ ಅಂದ್ರ ಬಸ್ಸಲ್ಲೇನಜ್ಜಾ?’ ಎಂದನು. ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರಲ್ಲಿ ಓಡತೊಡಗಿದ ಬಸ್ಸುಗಳಿಗೆ ಆ ಹೆಸರಿಟ್ಟಿದ್ದಾರಲ್ಲ, ಹುಡುಗನು ಕಂಡ ಚಿಗರಿ ಅದೊಂದೇ. ನಗು ಬಂದಿತು, ಬೆನ್ನಲ್ಲೇ ವ್ಯಥೆಯೂ ಆಯಿತು. ಏಕೆಂದರೆ ಆ ವೇಗದ ಪ್ರಾಣಿ ಅವನ ಮನೆಯಿಂದ ಹತ್ತಾರು ಮೈಲಿಯೊಳಗೆ ಇಂದಿಗೂ ಗುಂಪುಗುಂಪಾಗಿ ಅಡ್ಡಾಡುತ್ತಿದೆ.

ಅಡ್ಡಾಡುತ್ತಿದೆಯೆಂದರೆ ಎಲ್ಲರಿಗೂ ಸಂತೋಷವಿಲ್ಲ. ಮುಂಗಾರಿನ ಹೆಸರು ಎರಡೆಲೆ ಒಡೆದ ಹೊತ್ತಿಗೆ, ಶೇಂಗಾ ಹಸಿರಾದ ಹೊತ್ತಿಗೆ ಚಿಗರಿಯ ಹಿಂಡು ಇಳಿಯಿತೆಂದರೆ ಒಂದೇ ಮುಂಜಾವಿನಲ್ಲಿ ಬಿತ್ತಿದ ಸಾಲೇ ಕಾಣದಂತಾಗುತ್ತದೆ. ಅದನ್ನು ಕೊಲ್ಲುವಂತಿಲ್ಲ; ೧೯೭೨ರ ವನ್ಯಜೀವಿ ಕಾಯದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಕೊಲ್ಲಬಾರದೆಂದು ನಾವೂ ಹೇಳುತ್ತೇವೆ. ಆದರೆ ಸಕಲ ಜೀವಿಗಳಲ್ಲಿ ದಯೆ ಇರಬೇಕೆಂದು ವೇದಿಕೆಯ ಮೇಲೆ ನುಡಿದು ಊಟ ಮಾಡಿ ಮನೆಗೆ ಹೋಗುವವರು ನಾವು; ಎರಡನೆಯ ಸಲ ಬೀಜ ತರಲು ಸಾಲ ಮಾಡುವವನು ಹೊಲದವನು. ದಯೆಯ ಪುಣ್ಯ ಎಲ್ಲರಿಗೂ, ಅದರ ಖರ್ಚು ಅವನೊಬ್ಬನಿಗೇ ಎಂದರೆ ನ್ಯಾಯವೇ? ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಅರ್ಜಿ ಬರೆದುಕೊಡಲು, ಕಾಗದಪತ್ರ ಕೂಡಿಸಲು ಊರಿನ ಓದಿದ ತರುಣರು ಒಂದು ದಿನ ಕೊಟ್ಟರೂ ಅದು ದಾಸೋಹವೇ.

ಚಿಗರಿ ಹೊಲಕ್ಕೇಕೆ ಬಂದಿತೆಂಬುದನ್ನೂ ಯೋಚಿಸಬೇಕು. ಅದು ದಟ್ಟಡವಿಯ ಪ್ರಾಣಿಯಲ್ಲ, ಬಯಲಿನದು. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಅದಕ್ಕೆ ಬೇಕು. ಊರಿಗೊಂದಿದ್ದ ಗಾಯರಾಣ ಒತ್ತುವರಿಯಾಗಿ, ನಿವೇಶನವಾಗಿ, ಖಣಿಯಾಗಿ ಹೋದ ಮೇಲೆ ದನಗಳಂತೆ ಅದಕ್ಕೂ ನೆಲೆ ತಪ್ಪಿತು. ಗುಡ್ಡದ ಜೀವಿಗಳ ಮಟ್ಟಿಗಾದರೂ ನಮ್ಮ ಜಿಲ್ಲೆ ಒಂದು ಒಳ್ಳೆಯ ಮಾತನ್ನು ಹೇಳಿಕೊಳ್ಳಬಹುದು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಚಾಚಿರುವ ಕಪ್ಪತಗುಡ್ಡವನ್ನು ೨೦೧೫ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, ೨೦೧೬ರಲ್ಲಿ ಆ ಆದೇಶವನ್ನು ಹಿಂದೆಗೆದುಕೊಂಡಾಗ ಜನ ಬೀದಿಗಿಳಿದರು. ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಆ ಹೋರಾಟದ ಮುಂದೆ ನಿಂತರು. ೨೦೧೭ರಲ್ಲಿ ಮಾನ್ಯತೆ ಮರಳಿತು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಮಠವೂ ಊರೂ ಒಂದಾದರೆ ಗುಡ್ಡ ಉಳಿಯಿತು. ಬಯಲಿನ ಗಾಯರಾಣಕ್ಕೆ ಅಂಥ ದನಿ ಇನ್ನೂ ಹುಟ್ಟಬೇಕಾಗಿದೆ.

ನಾಲ್ಕನೆಯದು ಎರೆಹುಳು. ‘ಹುಳಾ ಪ್ರಾಣಿ ಹೆಂಗ ಆಗ್ತದಜ್ಜಾ?’ ಎಂದು ಹುಡುಗನು ತಕರಾರು ತೆಗೆದನು. ಉಸಿರಿದ್ದುದೆಲ್ಲ ಪ್ರಾಣಿಯೇ ಎಂದು ಸಮಾಧಾನ ಹೇಳಿದೆವು. ಇಂಗ್ಲೆಂಡಿನ ಡಾರ್ವಿನ್ ಮಹಾಶಯನು ತನ್ನ ಮುಪ್ಪಿನಲ್ಲಿ, ೧೮೮೧ರಲ್ಲಿ, ಈ ಹುಳುವಿನ ಮೇಲೆ ಒಂದು ಗ್ರಂಥವನ್ನೇ ಬರೆದನು. ಅವನ ನಾಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಈ ಹುಳುಗಳ ಹೊಟ್ಟೆಯ ಮೂಲಕ ಹಾಯ್ದು ಮೇಲೆ ಬರುತ್ತದೆಂದು ಲೆಕ್ಕ ಕಟ್ಟಿದನು. ನೇಗಿಲು ಹುಟ್ಟುವ ಮೊದಲೇ ನೆಲವನ್ನು ಉಳುತ್ತಿದ್ದ ಒಕ್ಕಲಿಗ ಇದು. ಬೇಸಿಗೆಯಲ್ಲಿ ಆಳಕ್ಕಿಳಿದು ಸುರುಳಿಸುತ್ತಿ ಮಲಗಿ, ಮಳೆಗೆ ಮೇಲೇಳುತ್ತದೆ. ಇದಕ್ಕೆ ಬೇಕಾದದ್ದು ಸಗಣಿ, ಕಸಕಡ್ಡಿ, ಕೊಳೆತ ಎಲೆ. ಮನೆಯಲ್ಲಿ ಎತ್ತು ಎಮ್ಮೆಗಳಿದ್ದಾಗ ತಿಪ್ಪೆಯ ಗೊಬ್ಬರ ಬಂಡಿಗಟ್ಟಲೆ ಹೊಲಕ್ಕೆ ಹೋಗುತ್ತಿತ್ತು. ಈಗ ಚೀಲದ ಗೊಬ್ಬರ ಹೋಗುತ್ತದೆ. ಪಟ್ಟಿಯ ಮೊದಲೆರಡು ಹೆಸರುಗಳಿಗೂ ನಾಲ್ಕನೆಯದಕ್ಕೂ ಇರುವ ನಂಟು ಇದೇ. ಈಗ ಅದೇ ಹುಳುವಿನ ಗೊಬ್ಬರವನ್ನು ಚೀಲದಲ್ಲಿ ತುಂಬಿ ಮಾರುತ್ತಾರೆ, ನಾವು ಹಣ ಕೊಟ್ಟು ತರುತ್ತೇವೆ.

ಐದನೆಯದು ಎರೆಭೂತ. ಹೆಸರು ಕೇಳಿ ಹೆದರಬೇಕಾಗಿಲ್ಲ, ಇದು ಹಕ್ಕಿ. ಮೀಟರಿನಷ್ಟು ಎತ್ತರ, ಹದಿನೈದು ಕಿಲೋವರೆಗಿನ ತೂಕ. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಇದೂ ಒಂದು. ಎರೆಯ ಬಯಲಿನಲ್ಲಿ, ಬಿಸಿಲ ಝಳದ ನಡುವೆ ಮನುಷ್ಯನಂತೆ ನೆಟ್ಟಗೆ ನಡೆಯುವ ಆಕೃತಿಯೊಂದು ಕಂಡು ಮಾಯವಾದರೆ ನಮ್ಮ ಹಿರಿಯರು ಮತ್ತೇನೆಂದು ಕರೆದಾರು? ಮಿಡತೆ, ಜೀರುಂಡೆಗಳನ್ನು ತಿಂದು ಒಕ್ಕಲಿಗನಿಗೆ ಉಪಕಾರವನ್ನೇ ಮಾಡುತ್ತದೆ. ಗೂಡು ಕಟ್ಟದೆ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡುತ್ತದೆ. ಆ ಒಂದು ತತ್ತಿ ನಾಯಿಗೋ ದನದ ಕಾಲಿಗೋ ಸಿಕ್ಕರೆ ಆ ವರ್ಷ ಮುಗಿದಂತೆ. ಹಕ್ಕಿಗಳ ವಿಷಯದಲ್ಲಿ ನಾಡಿಗೇ ಗುರುವಾಗಿದ್ದ ಡಾ. ಸಲೀಂ ಅಲಿಯವರು ಇದೇ ನಮ್ಮ ರಾಷ್ಟ್ರಪಕ್ಷಿಯಾಗಲೆಂದು ಸೂಚಿಸಿದ್ದರು. ೧೯೬೩ರಲ್ಲಿ ಆ ಗೌರವ ನವಿಲಿಗೆ ಸಂದಿತು. ನಮಗೆ ದೂರವಲ್ಲದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ೧೯೭೪ರಲ್ಲಿ ಮಾಡಿದ ಅಭಯಾರಣ್ಯದಲ್ಲಿಯೂ ಒಂದು ಕಾಲಕ್ಕೆ ಇದು ಕಾಣುತ್ತಿತ್ತು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಇದು ಕಂಡುಬಂದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಅದೂ ಬೆರಳಲ್ಲಿ ಎಣಿಸುವಷ್ಟು. ಇಡೀ ದೇಶದಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ. ಭಾರದ ಮೈ, ಮುಂದಿನ ತಂತಿಯನ್ನು ಬೇಗ ಗುರುತಿಸಲಾರದ ಕಣ್ಣು. ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಈಗ ಇದಕ್ಕೆ ದೊಡ್ಡ ಕಂಟಕ.

ಹುಡುಗನಿಗೆ ಈ ಹಕ್ಕಿಯ ಚಿತ್ರ ಬರೆದು ತೋರಿಸಿದೆವು. ನಾವೂ ಅದನ್ನು ಕಣ್ಣಾರೆ ಕಂಡವರಲ್ಲ. ಹೆಸರನ್ನಷ್ಟೇ ಹಿರಿಯರ ಬಾಯಿಂದ ಕೇಳಿದವರು. ನಮ್ಮ ತಲೆಗೆ ಎರೆಭೂತ ಹೇಗೋ, ಮೊಮ್ಮಗನ ತಲೆಗೆ ಎತ್ತೂ ಹಾಗೆಯೇ ಆಗಿಬಿಟ್ಟೀತೇ ಎಂಬ ದಿಗಿಲು ಆಗ ಹುಟ್ಟಿತು. ಹೆಸರು ಉಳಿಯುತ್ತದೆ, ಅಂಕಲಿಪಿಯಲ್ಲಿ ಚಿತ್ರ ಉಳಿಯುತ್ತದೆ, ಪ್ರಾಣಿ ಇರುವುದಿಲ್ಲ.

ಈಗ ಕಡೆಯಲ್ಲಿ ಹೇಳುತ್ತೇವೆಂದ ಮಾತಿಗೆ ಬರೋಣ. ನಮ್ಮ ಎತ್ತುಗಳು ಎಲ್ಲಿಗೆ ಹೋದವೆಂದು ಕೇಳಿದ ಮೊಮ್ಮಗನಿಗೆ, ‘ದೊಡ್ಡ ಒಕ್ಕಲಿಗರೊಬ್ಬರ ಮನ್ಯಾಗ ಆರಾಮ ಅದಾವಪ್ಪಾ’ ಎಂದಿದ್ದೆವು. ಅದು ಸುಳ್ಳು. ೨೦೧೯ರ ಬೇಸಿಗೆಯಲ್ಲಿ ಬರದಿಂದ ಮೇವು ತೀರಿತ್ತು. ನಮ್ಮ ಮೊಣಕಾಲು ನೋವು ಎದ್ದು ಕೂಡಲೂ ಬಿಡುತ್ತಿರಲಿಲ್ಲ. ಹನ್ನೊಂದು ವರ್ಷ ದುಡಿದ ಬೆಳ್ಯಾ, ಕೆಂದ್ಯಾ ಎಂಬ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದೆವು. ಹೊರಡುವಾಗ ನಮ್ಮ ಮನೆಯವರು ಎರಡರ ಹಣೆಗೂ ವಿಭೂತಿ ಹಚ್ಚಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಸಂತೆಯಲ್ಲಿ ದಲ್ಲಾಳಿಯೊಬ್ಬನು ಟವೆಲ್ಲಿನ ಮರೆಯಲ್ಲಿ ನಮ್ಮ ಬೆರಳು ಹಿಡಿದು ಬೆಲೆ ಹೇಳಿದನು. ನಾವು ಒಪ್ಪಿದೆವು. ಯಾವ ಊರಿಗೆ, ಯಾರ ಮನೆಗೆ ಎಂದು ಕೇಳಲಿಲ್ಲ. ಕೇಳಿ ತಿಳಿದಿದ್ದರೆ ಹಣ ತೆಗೆದುಕೊಳ್ಳುವ ಧೈರ್ಯ ಬರುತ್ತಿರಲಿಲ್ಲವೆಂಬುದು ನಮಗೆ ಗೊತ್ತಿತ್ತು. ಆದ್ದರಿಂದಲೇ ಕೇಳಲಿಲ್ಲ. ಕೆಂದ್ಯಾ ಒಮ್ಮೆ ತಿರುಗಿ ನೋಡಿತು. ಆ ವರ್ಷವೂ ಮಣ್ಣೆತ್ತಿನ ಅಮಾವಾಸ್ಯೆಗೆ ಜಗಲಿಯ ಮೇಲೆ ಮಣ್ಣಿನ ಜೋಡಿಯನ್ನಿಟ್ಟು ಕೈಮುಗಿದೆವು.

ಊರಿಗೆ ಮರಳಿದ ಎರಡನೆಯ ದಿನ ಮೊಮ್ಮಗನಿಗೆ ಫೋನು ಮಾಡಿ ನಿಜ ಹೇಳಿದೆವು: ಎತ್ತುಗಳನ್ನು ಮಾರಿದೆವು, ಈಗ ಎಲ್ಲಿವೆಯೋ ಗೊತ್ತಿಲ್ಲ, ನಿನಗೆ ಅಂದು ಹೇಳಿದ್ದು ಸುಳ್ಳು ಎಂದು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತ ಪಟ್ಟಿಯೊಳಗಿಂದ ಎತ್ತು ಅಳಿಸಲೇನಜ್ಜ?’ ಎಂದನು. ‘ಬ್ಯಾಡಪ್ಪಾ, ಇರಲಿ’ ಎಂದೆವು.

ಬಂಧುಗಳೇ, ಮತ್ತೆ ಎತ್ತು ಕಟ್ಟುವ ವಯಸ್ಸು ನಮ್ಮದಲ್ಲ. ಎಲ್ಲರೂ ಕಟ್ಟಿರೆಂದು ಉಪದೇಶಿಸುವ ಅಧಿಕಾರವೂ ನಮಗಿಲ್ಲ. ಆದರೆ ಕೈಲಾಗುವ ಕೆಲಸಗಳು ಕೆಲವಿವೆ. ನಮ್ಮ ಓಣಿಯ ತರುಣನೊಬ್ಬನು ಇನ್ನೂ ಒಂದು ಜೋಡಿಯನ್ನು ಸಾಕಿದ್ದಾನೆ. ಬಿತ್ತನೆಗೆ, ಎಡೆ ಹೊಡೆಯುವುದಕ್ಕೆ ಇನ್ನು ಮುಂದೆ ಅವನ ಎತ್ತುಗಳನ್ನೇ ಬಾಡಿಗೆಗೆ ಕರೆಯುವುದೆಂದು ಮನೆಯಲ್ಲಿ ನಿಶ್ಚಯಿಸಿದೆವು. ನಮ್ಮ ಹೊಲದ ಕಣಕಿಯಲ್ಲಿ ಒಂದು ಪಾಲು ಅವನ ಬಣವೆಗೆ ಹೋಗುವುದು. ನಾಲ್ಕು ಮನೆಯವರು ಹೀಗೆ ಮಾಡಿದರೆ ಒಂದು ಜೋಡಿ ವರ್ಷವಿಡೀ ಮೇಯುತ್ತದೆ, ಅವನೂ ಸಂತೆಯ ದಾರಿ ಹಿಡಿಯಬೇಕಾಗುವುದಿಲ್ಲ. ಪಟ್ಟಣದಲ್ಲಿರುವವರು ಕಾರ ಹುಣ್ಣಿಮೆಯ ದಿನ ಮಕ್ಕಳನ್ನು ಊರಿಗೆ ಕರೆತನ್ನಿರಿ. ಎತ್ತಿನ ಬೆಚ್ಚನೆಯ ಉಸಿರು ಒಮ್ಮೆ ಅಂಗೈಗೆ ತಾಗಲಿ. ಊರಿನ ಗಾಯರಾಣ ಎಷ್ಟಿತ್ತು, ಎಷ್ಟು ಉಳಿದಿದೆಯೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ.

‘ಎ’ಕಾರದ ಬೇರೆ ಪ್ರಾಣಿಗಳ ಹೆಸರು ನಿಮ್ಮ ಊರಿನಲ್ಲಿದ್ದರೆ ಬರೆದು ತಿಳಿಸಿರಿ, ಮೊಮ್ಮಗನಿಗೆ ಓದಿ ಹೇಳುತ್ತೇವೆ. ಅವನೀಗ ‘ಹ’ ಅಕ್ಷರಕ್ಕೆ ಬಂದಿದ್ದಾನಂತೆ. ಹಿಮಾಲಯವನ್ನು ದಾಟಿ ಪ್ರತಿ ಚಳಿಗಾಲ ನಮ್ಮ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳ ವಿಷಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ೨೦೨೪ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿದೆ. ಈ ಸಲ ಹೆಬ್ಬಾತುಗಳು ಬಂದಾಗ ಹುಡುಗನನ್ನು ಕೆರೆಯ ದಂಡೆಗೇ ಕರೆದೊಯ್ಯುತ್ತೇವೆ. ಚಿತ್ರ ಬರೆದು ತೋರಿಸುವುದಿಲ್ಲ.

ಶರಣು.